ಬೆನಕಪ್ಪನಿಗೆ ಹದಿನೇಳು ದಿನ

ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನೆಂಟರಿಗಿಂತ ಮೊದಲು ಹೊಸ್ತಿಲು ತುಳಿಯುವವಳು ಮಮತಾ. ತಾಳಗುಂದದಿಂದ ಎರಡು ಮೈಲಿ ಆಚೆಗಿನ ಆ ಹಳ್ಳಿಗೆ ಅವಳೇ ಆಶಾ ಕಾರ್ಯಕರ್ತೆ. ಹೆರಿಗೆಯಾದ ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಇಪ್ಪತ್ತೊಂದು, ಹೀಗೆ ನಲವತ್ತೆರಡನೇ ದಿನದವರೆಗೂ ಹೆಗಲಿಗೆ ಚೀಲ ಹಾಕಿಕೊಂಡು ಹೋಗಬೇಕು. ಕೂಸಿನ ತೂಕ ನೋಡಬೇಕು, ಬಾಣಂತಿಯನ್ನು ಮಾತಾಡಿಸಬೇಕು, ಜೇನು ನೆಕ್ಕಿಸಲು ಬಂದ ಅಜ್ಜಿಯರ ಜೊತೆ ಜಗಳ ಕಾಯಬೇಕು. ಈ ಜಗಳದಲ್ಲಿ ಅವಳು ಸೋತದ್ದನ್ನು ಇದುವರೆಗೆ ಯಾರೂ ನೋಡಿಲ್ಲ.

ಸೋಲುವುದೇನಿದ್ದರೂ ಮನೆಯಲ್ಲಿ. ಅಲ್ಲಿ ಇಬ್ಬರಿದ್ದಾರೆ, ನಾಲ್ಕೂವರೆ ವರ್ಷದ ದೀಪಶ್ರೀ ಮತ್ತು ಮೂರು ತುಂಬಿದ ಈಶ್ವರ. ಈಶ್ವರ ಹುಡುಗನಲ್ಲ, ಬಸ್ಸು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು. ಡ್ರೈವರ್, ಕಂಡಕ್ಟರ್, ಹಾರನ್ ಎಲ್ಲವೂ ಅವನೇ. ಪಡಸಾಲೆಯಿಂದ ಅಡುಗೆಮನೆಗೆ ಹೋಗಬೇಕಾದವರು ಅವನಿಂದ ಟಿಕೆಟ್ ತೆಗೆದುಕೊಳ್ಳಬೇಕು. ಅವನ ಅಪ್ಪ ಕೊಟ್ರೇಶ ಮೆಕ್ಕೆಜೋಳದ ಮಷಿನ್ನಿನ ಹಿಂದೆ ಊರೂರು ಸುತ್ತಿ ಮೈತುಂಬ ಧೂಳು ಹೊತ್ತು ಬಂದರೂ ಟಿಕೆಟ್ ಇಲ್ಲದೆ ನೀರಿನ ಚೊಂಬು ಮುಟ್ಟುವಂತಿಲ್ಲ. ದೀಪು ಬಸ್ಸುಗಿಸ್ಸು ಆಗುವವಳಲ್ಲ, ಅವಳು ಸಂಸಾರ ನಡೆಸುವವಳು. ಅವಳ ಬಳಗದಲ್ಲಿ ಕಣ್ಣಿಗೆ ಕಾಣುವವರಿಗಿಂತ ಕಾಣದವರೇ ಹೆಚ್ಚು. ಹಗಲೆಲ್ಲ ಇವರಿಬ್ಬರನ್ನು ನೋಡಿಕೊಳ್ಳುವುದು ಮಮತಾಳ ಅತ್ತೆ ವೀರಮ್ಮ. ಮೊಮ್ಮಕ್ಕಳು ಪಡಸಾಲೆಯಲ್ಲಿ ಹೊಳೆ ಬಂದಿದೆ ಎಂದರೆ ಸೀರೆ ಎತ್ತಿ ಹಿಡಿದು ದಾಟುವಂಥ ಹೆಂಗಸು.

ಪೋಲಿಯೊ ಹನಿಯ ದಿನಗಳು ಬಂದಾಗ ಮಾತ್ರ ಮಮತಾಳಿಗೆ ಮನೆಯ ನೆನಪೂ ಇರುವುದಿಲ್ಲ. ಭಾನುವಾರ ಬೂತಿನಲ್ಲಿ ಹನಿ ಹಾಕುವುದು, ಸೋಮವಾರದಿಂದ ಮನೆಮನೆ ತಿರುಗುವುದು ಕ್ರಮ. ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ‘ಪಿ’ ಎಂದು ಬರೆಯುತ್ತಾರೆ. ಒಂದೇ ಒಂದು ಮಗು ತಪ್ಪಿದರೂ ‘ಎಕ್ಸ್’. ಎಂಟು ವರ್ಷದಿಂದ ಮಮತಾಳ ಊರಿನಲ್ಲಿ ಒಂದೂ ಎಕ್ಸ್ ಉಳಿದಿಲ್ಲ. ಪ್ರತಿ ವರ್ಷ ಮೀಟಿಂಗಿನಲ್ಲಿ ಅವಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಮುಂದೆ ಅವಳಿಗೆ ಬಂಗಾರದ ಬಳೆಯೂ ಬೇಡ.

ಈ ವರ್ಷ ಹೊಸ ಹುಕುಂ ಬಂತು. ಯಾರೂ ತಮ್ಮ ಊರಿನ ಮನೆಗಳಿಗೆ ತಾವೇ ಹೋಗುವಂತಿಲ್ಲ, ಎಲ್ಲ ಅದಲುಬದಲು. ಮಮತಾ ಪಕ್ಕದ ಊರಿಗೆ ಹೋದಳು. ಅವಳ ಊರಿಗೆ ಅಶ್ವಿನಿ ಬಂದಳು. ಅಶ್ವಿನಿ ಸೊರಬದ ಕಡೆಯವಳು, ಅಂಗನವಾಡಿಗೆ ಸೇರಿ ಇನ್ನೂ ಮೂರು ತಿಂಗಳು. ಈ ಊರಲ್ಲಿ ಯಾರು ಯಾರೆಂದು ಅವಳಿಗೆ ತಿಳಿಯದು.

ಸಂಜೆ ಎಲ್ಲರೂ ಉಪಕೇಂದ್ರದಲ್ಲಿ ಸೇರಿದಾಗ ನರ್ಸ್ ರಾಜೇಶ್ವರಮ್ಮ ಕನ್ನಡಕ ಏರಿಸಿ ಪಟ್ಟಿ ಓದತೊಡಗಿದರು. “ಮಮತಾನ ಊರು. ಇನ್ನೂರ ಹನ್ನೊಂದು ಮನೆ. ಎಕ್ಸ್ ಒಂದು.”

ಮಮತಾ ಕುಳಿತಲ್ಲಿಂದ ಎದ್ದಳು. “ಯಾರ ಮನೇದ್ರೀ ಸಿಸ್ಟರ್? ಭಾನುವಾರ ಒಂದು ಕೂಸೂ ಬಿಟ್ಟಿಲ್ಲ ನಾನು.”

“ತಂದೆ ಹೆಸರು ಕೊಟ್ರೇಶ್. ಮಗುವಿನ ಹೆಸರು ಬೆನಕಪ್ಪ. ವಯಸ್ಸು ಹದಿನೇಳು ದಿನ. ಷರಾ, ಬಾಣಂತಿ ಡ್ಯೂಟಿಗೆ ಹೋಗಿದ್ದಾಳೆ.”

ಕೋಣೆಗೆ ಕೋಣೆಯೇ ನಕ್ಕಿತು. “ಯಾವಾಗ ಹೆತ್ತೆ ಮಾರಾಯ್ತಿ?” ಎಂದರು ರಾಜೇಶ್ವರಮ್ಮ, ಕಣ್ಣೀರು ಒರೆಸಿಕೊಳ್ಳುತ್ತ. “ನಮಗೊಂದು ಪೇಡೆನೂ ಹಂಚಲಿಲ್ಲ!”

ಅಶ್ವಿನಿಯ ಮುಖ ಮಾತ್ರ ಅಳುವಂತಾಗಿತ್ತು. “ಎಂತ ಮಾಡದು ಸಿಸ್ಟರ್? ಆ ಹುಡುಗಿ ಕೋಣೆ ಬಾಗ್ಲಿಗೆ ಅಡ್ಡ ನಿಂತ್ಕಂಡು, ಒಳಗೆ ಪಾಪು ಮಲ್ಕಂಡದೆ, ಅಮ್ಮ ಡ್ಯೂಟಿಗೆ ಹೋಗ್ಯಾಳೆ, ಹೊರಗಿನೋರು ಬರಂಗಿಲ್ಲ ಅಂತು. ನಂಗೂ ಅನುಮಾನ ಬಂತು. ಅಜ್ಜಿನ ಕೇಳ್ದೆ. ಅಜ್ಜಿನೇ ಹೌದು ಅಂದ್ರು. ತಾಯಿ ಇಲ್ದೇ ಇರಾಗ ಬಾಣಂತಿ ಕೋಣೆಗೆ ನಾ ಹ್ಯಾಂಗೆ ನುಗ್ಗದು?”

ನಗದೆ ಉಳಿದವರು ಇನ್ನೊಬ್ಬರಿದ್ದರು, ಡಾಕ್ಟರ್ ಶಿವಶಂಕರ. “ತಮಾಷೆ ಆಮೇಲೆ. ಇದು ಕಾಗದಕ್ಕೆ ಬಂದ ಮಗು. ಬೆಳಿಗ್ಗೆ ಒಂಬತ್ತಕ್ಕೆ ನಾನೇ ಬರ್ತೀನಿ. ಕಣ್ಣಾರೆ ನೋಡದೆ ಆ ಎಕ್ಸ್ ತೆಗೆಯಲ್ಲ.”

ದಾರಿಯುದ್ದಕ್ಕೂ ಮಮತಾ ಹಲ್ಲು ಕಚ್ಚಿಕೊಂಡೇ ನಡೆದಳು. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯಲ್ಲೇ ಹೀಗಾದರೆ, ದೀಪದ ಬುಡದಲ್ಲಿ ಕತ್ತಲು ಎಂದು ಆಡಿಕೊಳ್ಳದೆ ಬಿಟ್ಟಾರೆಯೇ? ಎಂಟು ವರ್ಷದ ಹೆಸರನ್ನು ಎರಡು ಗಿಡ್ಡ ಪ್ರಾಣಿಗಳು ಒಂದೇ ಮಧ್ಯಾಹ್ನದಲ್ಲಿ ತೊಳೆದುಹಾಕಿದ್ದವು. ಬಾಗಿಲ ಪಕ್ಕ ಎಕ್ಸ್ ಗುರುತು ಮೊಳದುದ್ದ ನಿಂತಿತ್ತು. ಕಟ್ಟೆಯ ಮೇಲೆ ವೀರಮ್ಮ ಅವರೆಕಾಯಿ ಸುಲಿಯುತ್ತಿದ್ದರು.

“ಅತ್ತೆ, ಮನೇಲಿ ಇನ್ನೊಂದು ಕೂಸು ಐತೆ ಅಂದ್ರಂತೆ?”

“ಅಂದೆ.”

“ಯಾಕ್ರೀ ಹಂಗಂದ್ರಿ?”

ವೀರಮ್ಮ ಒಳಗಿನ ಗೋಡೆಯ ಕಡೆ ನೋಡಿದರು. ಅಲ್ಲಿ ಅವರ ಗಂಡನ ಫೋಟೊ ತೂಗುತ್ತಿತ್ತು. ಆರು ವರ್ಷದ ಹಿಂದೆ ತೀರಿಹೋದ ಬೆನಕಪ್ಪನವರ ಹೆಸರನ್ನು ಅವರು ಇದ್ದಾಗಲೂ ವೀರಮ್ಮ ಬಾಯಿಬಿಟ್ಟು ಹೇಳಿದವರಲ್ಲ. “ಮಕ್ಳು ಅವ್ರ ಹೆಸ್ರು ಇಟ್ಟಾವೆ ಕಣವ್ವ. ಅಕ್ಕಿ ಮುಗಿದ್ರೂ ಇಲ್ಲ ಅನ್ಬಾರ್ದು, ತುಂಬೈತೆ ಅನ್ಬೇಕು. ಅಂಥಾದ್ರಲ್ಲಿ ಅವ್ರ ಹೆಸ್ರಿನ ಕೂಸು ನಮ್ಮನೇಲಿ ಇಲ್ಲ ಅಂತ ಹೊಸ್ತಿಲ ಮೇಲೆ ನಿಂತು ನಾನು ಹೆಂಗೆ ಅನ್ಲಿ? ನೀನಾದ್ರೂ ಅಂತಿದ್ಯೇನು?”

ಮೊನ್ನೆಯಷ್ಟೇ ಖಾಲಿ ಡಬ್ಬಿ ಮುಂದಿಟ್ಟುಕೊಂಡು, ಅಕ್ಕಿ ತುಂಬಿದೆ, ಬರುವಾಗ ತನ್ನಿ ಎಂದು ಗಂಡನಿಗೆ ಫೋನಿನಲ್ಲಿ ಹೇಳಿದವಳು ಮಮತಾಳೇ. ಅತ್ತೆಯ ಮೇಲೆ ತೀರದ ಸಿಟ್ಟನ್ನು ಹಾಗೇ ಹೊತ್ತುಕೊಂಡು ಕೋಣೆಗೆ ಹೋದಳು.

ಕೋಣೆಯ ಮೂಲೆಯಲ್ಲಿ ಮೊರ. ಮೊರದಲ್ಲಿ ಮಡಿಸಿದ ಹಳೆ ಸೀರೆ. ಸೀರೆಯ ಮೇಲೆ ಒಂದು ಮೆಕ್ಕೆಜೋಳದ ತೆನೆ, ಅಜ್ಜಿಯ ಹಳೆ ಕುಪ್ಪಸದ ಬಟ್ಟೆಯ ಕುಲಾವಿ ಹಾಕಿಕೊಂಡು ಮಲಗಿತ್ತು. ಕುಲಾವಿಯ ಕೆಳಗೆ ಕೆಂಚು ಕೂದಲು ಇಣುಕುತ್ತಿತ್ತು. ಈ ಮೊರವನ್ನು ಮಮತಾ ದಿನವೂ ದಾಟಿ ಓಡಾಡಿದ್ದಳು. ಗುಡಿಸುವಾಗ ಎರಡು ಸಲ ಆಚೆ ಸರಿಸಿಯೂ ಇದ್ದಳು. ಅದರೊಳಗೆ ಏನಿದೆ ಎಂದು ಕೇಳಿರಲಿಲ್ಲ.

“ಮೆಲ್ಲಗೆ,” ಎಂದಳು ದೀಪು. “ಈಗ ಮಲಗ್ಯಾನೆ.”

“ಸುಳ್ಳು ಯಾಕೆ ಹೇಳ್ದೆ ಆ ಟೀಚರ್‌ಗೆ? ಎಲ್ಲಿಂದ ಬಂತು ಇದು?”

“ಸುಳ್ಳಲ್ಲ. ಅಪ್ಪ ಮಷಿನ್ನಿಂದ ತಂದಿದ್ದು. ಹದಿನೇಳು ದಿನ ಆತು.” ದೀಪು ಗೋಡೆ ತೋರಿಸಿದಳು. ಇದ್ದಿಲಿನಲ್ಲಿ ಎಳೆದ ಗೆರೆಗಳು. ಅಜ್ಜಿ ಎಣಿಸಿಕೊಟ್ಟದ್ದು, ಮೊಮ್ಮಗಳು ಎಳೆದದ್ದು. ಕೆಲವು ಗೆರೆಗಳ ಸುತ್ತ ಸೊನ್ನೆ ಬರೆದಿತ್ತು. “ಇದು ಮೂರನೇ ದಿನ. ನೀನು ಬರ್ಲಿಲ್ಲ. ಇದು ಏಳನೇ ದಿನ. ಬರ್ಲಿಲ್ಲ. ಇದು ಹದಿನಾಲ್ಕು. ಅವತ್ತೂ ಬರ್ಲಿಲ್ಲ.”

“ಎಲ್ಲಿಗೆ ಬರ್ಬೇಕಿತ್ತೆ?”

“ಇಲ್ಲಿಗೆ! ಸಣ್ಣ ಪಾಪು ಇರೋ ಮನೆಗೆಲ್ಲ ಹೋಗ್ತೀಯಲ್ಲ? ಕುಂತ್ಕೊಂಡು ಮಾತಾಡಿಸ್ತೀಯಲ್ಲ? ಅದಕ್ಕೇ ನಾವೂ ಒಂದು ಪಾಪು ತಂದ್ವಿ.”

ಸಿಟ್ಟು ಎಲ್ಲಿಗೆ ಹೋಯಿತೋ ಮಮತಾಳಿಗೇ ತಿಳಿಯಲಿಲ್ಲ. ಊರಿನ ಕೂಸುಗಳ ಜ್ವರ, ತೂಕ, ನಿದ್ದೆ ಎಲ್ಲವೂ ಅವಳ ಬಾಯಲ್ಲೇ ಇತ್ತು. ತನ್ನ ಮಗಳು ಹದಿನೇಳು ದಿನದಿಂದ ಬಾಗಿಲು ಕಾಯುತ್ತಿರುವುದೊಂದು ಗೊತ್ತಿರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಈಶ್ವರ ಹಾರನ್ ಹೊಡೆಯುತ್ತ ಬಂದು, ಅಮ್ಮನ ಮುಖ ನೋಡಿ, ಬಸ್ಸು ನಿಲ್ಲಿಸಿ ಅವಳ ಸೆರಗಿನಿಂದಲೇ ಅವಳ ಮೂಗು ಒರೆಸಿದ.

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಜೀಪು ಬಂತು, ಡಾಕ್ಟರ ಹಿಂದೆ ಅಶ್ವಿನಿಯೂ ಇಳಿದಳು. ಡಾಕ್ಟರ್ ಪಡಸಾಲೆಗೆ ಕಾಲಿಟ್ಟಿದ್ದೇ ಈಶ್ವರ ಅಡ್ಡ ನಿಂತ. “ಟಿಕೆಟ್, ಟಿಕೆಟ್! ಎಲ್ಲಿಗ್ರೀ?”

ಡಾಕ್ಟರ್ ತಬ್ಬಿಬ್ಬಾದರು. “ಕೋಣೆಗೆ ಒಂದು.”

ಮಮತಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಇಲ್ಲ ಸರ್, ಅಂಥ ಮಗುವಿಲ್ಲ ಎಂದು ಒಂದು ಮಾತು ಅಂದಿದ್ದರೆ ಕೆಲಸ ಮುಗಿಯುತ್ತಿತ್ತು. ರಾತ್ರಿ ಆ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಆಡಿ ನೋಡಿದ್ದಳು ಕೂಡ. ಈಗ ದೀಪು ಕತ್ತೆತ್ತಿ ಅವಳ ಬಾಯನ್ನೇ ನೋಡುತ್ತಿದ್ದಳು, ಹಿಂದೆ ವೀರಮ್ಮ ನೋಡುತ್ತಿದ್ದರು.

“ಕೈ ತೊಳ್ಕೊಂಡು ಬನ್ನಿ ಸರ್,” ಎಂದಳು ಮಮತಾ.

ಡಾಕ್ಟರ್ ಕೈ ತೊಳೆದು ಬಂದರು. ಅವಳು ಮೊರದ ಮೇಲಿನ ಬಟ್ಟೆ ಸರಿಸಿದಳು. “ಇವನೇ ಬೆನಕಪ್ಪ. ಇವತ್ತಿಗೆ ಹದಿನೆಂಟು ದಿನ. ಇಲ್ಲ ಅಂತ ಹೇಳೋಕೆ ನಮ್ಮನೇಲಿ ಯಾರಿಗೂ ಬಾಯಿ ಬರ್ಲಿಲ್ಲ. ಅಶ್ವಿನಿ ತಪ್ಪಿಲ್ಲ ಸರ್, ನಂದೇ ತಪ್ಪು.”

ಡಾಕ್ಟರ್ ಬಗ್ಗಿ ಮೊರದೊಳಗೆ ನೋಡಿದರು. ತಡೆದ ನಗುವಿಗೆ ಅವರ ಭುಜ ಮೆಲ್ಲಗೆ ಕುಲುಕತೊಡಗಿತು. ಮೊಣಕಾಲೂರಿ ಕುಳಿತು ಕುಲಾವಿ ಎತ್ತಿ ನೋಡಿ ದೀಪುವಿಗೆ ಹೇಳಿದರು, “ಕೂದಲು ಚೆನ್ನಾಗಿದೆ. ಆದ್ರೆ ಪುಟ್ಟಿ, ಹುಟ್ಟಿದ ತಿಂಗಳೊಳಗೆ ಇಷ್ಟೊಂದು ಹಲ್ಲು ಬಂದ ಮಗುನ ನಾನು ನೋಡೇ ಇಲ್ಲ. ಇವನಿಗೆ ಪೋಲಿಯೊ ಹನಿ ಬೇಡ. ಇಲಿ ಹತ್ತಿರ ಬರದಂಗೆ ನೋಡ್ಕೊ, ಸಾಕು.”

ದೀಪು ಗಂಭೀರವಾಗಿ ತಲೆಯಾಡಿಸಿದಳು. ಅಶ್ವಿನಿ ಎಕ್ಸ್ ಅಳಿಸಿ, ದೂರದ ರಸ್ತೆಗೂ ಕಾಣುವಷ್ಟು ದೊಡ್ಡದಾಗಿ ಪಿ ಬರೆದಳು. ಡಾಕ್ಟರ್ ಪಟ್ಟಿಗೆ ಸಹಿ ಹಾಕಿದರು. ಊರಿನ ಹೆಸರು ಉಳಿಯಿತು.

“ಬನ್ನಿ ಮಮತಾ, ಜೀಪಲ್ಲೇ ಹೋಗೋಣ. ಪಕ್ಕದೂರಲ್ಲಿ ಇನ್ನೂ ಕೆಲಸ ಇದೆಯಲ್ಲ.”

ನಿನ್ನೆಯಾಗಿದ್ದರೆ ಅವಳು ಡಾಕ್ಟರಿಗಿಂತ ಮೊದಲೇ ಜೀಪು ಹತ್ತಿರುತ್ತಿದ್ದಳು. “ನೀವು ನಡೀರಿ ಸರ್. ನಂದು ಇಲ್ಲೊಂದು ಭೇಟಿ ಬಾಕಿ ಐತೆ. ಮುಗಿಸ್ಕೊಂಡು ಹನ್ನೊಂದಕ್ಕೆಲ್ಲ ಬಂದ್ಬಿಡ್ತೀನಿ.”

ಜೀಪಿನ ಸದ್ದು ಅಡಗಿತು. ಮಮತಾ ಮೊರದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಬೇರೆಯವರ ಮನೆಯಲ್ಲಿ ಕೂರುವ ಹಾಗೆಯೇ ಸೆರಗು ಸರಿಮಾಡಿಕೊಂಡು ಪುಸ್ತಕ ತೆರೆದಳು. ಕೂಸು ಬೆಚ್ಚಗಿದೆಯೇ, ಅಳುತ್ತದೆಯೇ, ಎಷ್ಟು ಸಲ ಹಾಲು ಕುಡಿಯುತ್ತದೆ, ಒಂದೊಂದಾಗಿ ಕೇಳಿದಳು. ದೀಪು ಒಂದಕ್ಕೂ ತಡವರಿಸಲಿಲ್ಲ.

“ತಾಯಿ ಹೆಸರು?”

“ಮಮತಾ.”

ಮಮತಾ ಹೆಸರು ಬರೆದುಕೊಂಡಳು. “ಎಲ್ಲಿ ಅದಾರೆ ಅವರು?”

ದೀಪು ಎದ್ದು ಬಂದು ಅವಳ ತೊಡೆಯ ಮೇಲೆ ಕುಳಿತಳು. “ಮನೇಲಿ ಅದಾಳೆ ಅಂತ ಬರ್ಕೋ.”