ಎರಡನೇ ಮೂಗು

ಕೋಳಿ ಕೆಟ್ಟಿದೆಯೋ ಇಲ್ಲವೋ ತೀರ್ಮಾನಿಸಲು ಒಂದು ಮನೆಯಲ್ಲಿ ಕನಿಷ್ಠ ಎರಡು ಮೂಗು ಬೇಕು. ನನ್ನ ಮನೆಯಲ್ಲಿರೋದು ಒಂದೇ.

ಕಳೆದ ಸೋಮವಾರ ಬೆಳಿಗ್ಗೆ. ಎರಡು ದಿನ ಕುಷ್ಟಗಿಯಲ್ಲಿ ಚರ್ಚಾಸ್ಪರ್ಧೆಯೊಂದರ ತೀರ್ಪುಗಾರನಾಗಿ ಕೂತು, ಗಂಗಾವತಿಯ ಬಾಡಿಗೆ ಮನೆಗೆ ವಾಪಸ್ ಬಂದಿದ್ದೆ. ಫ್ರೀಜರ್ ತೆಗೆದರೆ, ಶುಕ್ರವಾರ ಇಟ್ಟಿದ್ದ ಅರ್ಧ ಕೆಜಿ ಚಿಕನ್ ಕಲ್ಲಿನಂತೆ ಗಟ್ಟಿ. ಸಂತೋಷ. ಆದರೆ ಇಟ್ಟಾಗ ಉಂಡೆಯಾಗಿದ್ದ ಚೀಲ ಈಗ ರೊಟ್ಟಿಯಷ್ಟು ಚಪ್ಪಟೆ! ಅದರಡಿ ನಸುಗೆಂಪು ಐಸು. ಅಂದರೆ? ನಡುವೆ ಕರೆಂಟ್ ಹೋಗಿ, ಕೋಳಿ ಕರಗಿ, ಮತ್ತೆ ಹೆಪ್ಪುಗಟ್ಟಿದೆ. ಎಷ್ಟು ಹೊತ್ತು ಹೋಗಿತ್ತು?

ಮೂಸಿದೆ. ವಾಸನೆಯಿಲ್ಲ. (ಐಸಾದದ್ದಕ್ಕೆ ವಾಸನೆ ಎಲ್ಲಿಂದ ಬರಬೇಕು? ಹೊಟ್ಟೆ ಕೆಡಿಸುವ ಕ್ರಿಮಿ ನಾತ ಹೊಡೆದೇ ಬರಬೇಕೆಂಬ ನಿಯಮವೂ ಇಲ್ಲ.) ಊರ ಮನೆಯಲ್ಲಾಗಿದ್ದರೆ ಬೋಗುಣಿ ಕೈಯಿಂದ ಕೈಗೆ ಹೋಗುತ್ತಿತ್ತು. "ನೀನೊಮ್ಮಿ ಮೂಸಿ ನೋಡು" ಅನ್ನೋಳು ಅವ್ವ, ಮೂಗು ಮುರಿಯೋಳು ಅಕ್ಕ. ಇಲ್ಲಿ ಪರವೂ ನಾನೇ, ವಿರೋಧವೂ ನಾನೇ.

ಕರೆಂಟಿನ ಕತೆ ಗೊತ್ತಿರೋದು ಪಕ್ಕದ ಮನೆಯ ರತ್ನಕ್ಕನಿಗೆ. ಆಕೆ ನನ್ನೊಂದಿಗೆ ಮಾತು ಬಿಟ್ಟು ತಿಂಗಳಾಗಿತ್ತು.

ಅದಕ್ಕೂ ಕೋಳಿಯೇ ಕಾರಣ. ನಮ್ಮಿಬ್ಬರಿಗೂ ಒಂದೇ ನಳ. ಆಕೆ ಅಲ್ಲಿ ಅರಿಶಿನ ಹಚ್ಚಿ ಚಿಕನ್ ತೊಳೆಯುತ್ತಿದ್ದಳು. ಹಸಿ ಕೋಳಿ ತೊಳೆದರೆ ಕ್ರಿಮಿ ಸಾಯಲ್ಲ, ನೀರಿನ ಜೊತೆ ಸಿಡಿದು ಪಾತ್ರೆಗೆಲ್ಲ ಹತ್ತುತ್ತೆ, ಪೂರ್ತಿ ಬೇಯಿಸಿದರಷ್ಟೇ ಸಾಯೋದು ಅಂದೆ. ಹೀಗೆ ತೊಳೆಯೋದು ತನ್ನ ಅತ್ತೆ ಕಲಿಸಿದ್ದು ಅಂದಳು ಆಕೆ. ನೀರಿಗೆ ಬಂದ ನಾಲ್ಕು ಮಂದಿಯೆದುರು ಆ ಅತ್ತೆಯ ಮಾತನ್ನು ಮೂರೇ ಪಾಯಿಂಟಿನಲ್ಲಿ ಮಲಗಿಸಿದೆ. ಮಂದಿ ನಕ್ಕರು. ನಾನು ಗೆದ್ದೆ.

ಈಗ ಅದೇ ಆಕೆಯ ಬಾಗಿಲು ಬಡಿದೆ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು: ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಶನಿವಾರ ಮುಂಜಾನೆ ಹೋದ ಕರೆಂಟ್ ಬಂದದ್ದು ಭಾನುವಾರ ಸಂಜೆಗಂತೆ. ತನ್ನ ಫ್ರಿಜ್ಜಿನ ಚಿಕನ್ನನ್ನು ಆಕೆ ಶನಿವಾರ ಮಧ್ಯಾಹ್ನವೇ ಸಾರು ಮಾಡಿ ಸುತ್ತಲಿನ ಮನೆಗಳಿಗೆ ಹಂಚಿದಳಂತೆ. ಹಾಗಾದರೆ ನನ್ನದು ಕಸಕ್ಕೆ. ವಾದಕ್ಕೆ ಜಾಗವೇ ಇಲ್ಲ.

ಹೊರಟವನನ್ನು ಆಕೆಯೇ ನಿಲ್ಲಿಸಿದಳು.

"ನಿಮ್ಮ ಫ್ರಿಜ್ಜಿನಾಗೂ ಇರ್ತೈತಿ ಅಂತ ನೆನಪಾಗಿತ್ರಿ ಸರ. ಫೋನ್ ಹಚ್ಚಾಕ ನಂಬರ್ ಸೈತ ತಗದಿದ್ದೆ."

"ಹಚ್ಚಬೇಕಿತ್ತಲ್ರಿ ಅಕ್ಕಾ."

"ಹಚ್ಚಿದ್ರ ನೀವು ಹಂಗಲ್ಲ, ಹಿಂಗ ಅಂತೀರಿ. ನನಗ್ಯಾಕ ಬೇಕು ಅಂತ ಸುಮ್ನಾದೆ."

ಸಿಟ್ಟಿನಿಂದಲ್ಲ, ಕರೆಂಟ್ ಹೋಗಿತ್ತು ಅಂದಷ್ಟೇ ಸಲೀಸಾಗಿ ಅಂದಳು. ಮನೆಗೆ ಬಂದು ಚೀಲವನ್ನು ಕಸಕ್ಕೆ ಹಾಕಿದೆ.

ಹಸಿ ಕೋಳಿ ತೊಳೆಯಬಾರದು ಅನ್ನೋದು ಇವತ್ತಿಗೂ ಸರಿ. ಒಂದಕ್ಷರ ವಾಪಸ್ ತಗೊಳ್ಳಲ್ಲ. ಆದರೆ ಮಧ್ಯಾಹ್ನ ಒಬ್ಬನೇ ಮೊಸರನ್ನ ಕಲಸುತ್ತಾ ಕೂತಾಗ ಒಂದೇ ಪ್ರಶ್ನೆ: ಯಾವಾಗಲೂ ಸರಿಯಾಗೇ ಇರೋ ಮನುಷ್ಯನಿಗೆ ಯಾರಾದರೂ ಯಾಕೆ ಫೋನ್ ಹಚ್ಚಬೇಕು?