ಎರಡನೇ ಕೂಗು

ಹಾಜರಿ ಪುಸ್ತಕ ಕೈಯಲ್ಲಿಲ್ಲದೆ ಹಾಜರಿ ಕರೆಯುತ್ತಿದ್ದ ಮೇಷ್ಟ್ರನ್ನು ನಾನು ನೋಡಿದ್ದು ಒಬ್ಬರನ್ನೇ. ತರಗತಿಗೆ ಬಂದವರೇ ಕಿಟಕಿಯ ಪಕ್ಕ ನಿಂತು, ಕಣ್ಣು ಮುಚ್ಚಿ, ನಮ್ಮೆಲ್ಲರ ಹೆಸರನ್ನು ಒಂದೊಂದಾಗಿ, ಮನೆಯಲ್ಲಿ ಊಟಕ್ಕೆ ಕರೆಯುವಷ್ಟು ಅಕ್ಕರೆಯಿಂದ ಕರೆಯುತ್ತಿದ್ದರು. ನಾವು 'ಎಸ್ ಸರ್' ಎನ್ನುವಂತಿರಲಿಲ್ಲ. 'ಇದ್ದೀನಿ' ಎನ್ನಬೇಕು. ಕೊನೆಯ ಬೆಂಚಿನವರೂ ಇದ್ದೀನಿ ಎಂದಮೇಲೆ ಕಣ್ಣು ತೆರೆದು, "ಈಗ ನನ್ನನ್ನ ಕರೀರಪ್ಪ. ನಾನು ಬಂದಿದ್ದೀನೋ ಇಲ್ವೋ ನೋಡೋರು ಯಾರು?" ಎನ್ನುತ್ತಿದ್ದರು.

ನಾವು "ಸರ್" ಎನ್ನುತ್ತಿದ್ದೆವು. ಅವರು ಓಗೊಡುತ್ತಿರಲಿಲ್ಲ. ಇನ್ನೊಮ್ಮೆ ಜೋರಾಗಿ "ಸಾರ್!" ಎಂದರೆ, ಬೇರೆ ಯಾರೋ ಬಂದರೇನೋ ಎಂಬಂತೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು. ಆಮೇಲೆ "ಬಂದಿಲ್ಲ ಅನ್ಸುತ್ತೆ. ಗೈರುಹಾಜರಿ ಹಾಕ್ಕೊಳ್ಳಿ" ಎಂದು ಪಾಠಕ್ಕೆ ಇಳಿಯುತ್ತಿದ್ದರು. ನಾವು ನಗುತ್ತಿದ್ದೆವು. ಆದರೆ ಬಾಗಿಲ ಕಡೆ ನೋಡುವಾಗಿನ ಅವರ ಮುಖ ತಮಾಷೆ ಮಾಡುವವರ ಮುಖದಂತೆ ಇರುತ್ತಿರಲಿಲ್ಲ. ಖಾಲಿ ಬಾಗಿಲಲ್ಲಿ ಏನನ್ನೋ ಹುಡುಕುವ ಹಾಗಿರುತ್ತಿತ್ತು.

ಅವರು ಮಾದಯ್ಯ, ಮೈಸೂರಿನ ನಮ್ಮ ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರ್. ಕಡ್ಡಿಯಂಥ ಆಳು, ತೋಳು ಮಡಿಸಿದ ಬಿಳಿ ಅಂಗಿ, ಕಾಲಿಗೆ ಕ್ಯಾನ್‌ವಾಸ್ ಬೂಟು. ಆ ಬೂಟಿನಿಂದಾಗಿ ಅವರು ಬಂದದ್ದೇ ತಿಳಿಯುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಯಾರನ್ನೋ ಆಡಿಕೊಳ್ಳುತ್ತಿದ್ದರೆ ಹಿಂದಿನಿಂದ "ಆಮೇಲೇನಾಯ್ತು?" ಎಂಬ ದನಿ ಬರುತ್ತಿತ್ತು, ತಿರುಗಿದರೆ ಇವರು ಲೋಟ ಹಿಡಿದು ನಿಂತಿರುತ್ತಿದ್ದರು. ಎಷ್ಟು ಸಲ ಹೀಗೆ ಬೆಚ್ಚಿಬಿದ್ದು ನಾನು ಚಹಾ ಚೆಲ್ಲಿಕೊಂಡಿದ್ದೇನೋ ಲೆಕ್ಕವಿಲ್ಲ.

"ಮಾದಯ್ಯ ಅನ್ರಪ್ಪ. ಹೆಸರಿನೊಳಗೇ ಅಯ್ಯ ಕೂತವ್ನೆ, ಇನ್ನೆಷ್ಟು ಮರ್ಯಾದೆ ಬೇಕು ನನಗೆ?" ಎಂದು ಅವರು ಕೇಳುವುದಿತ್ತು. ನಮ್ಮ ನಾಲಿಗೆ ಏಳುತ್ತಿರಲಿಲ್ಲ. ಅದೇ ವರ್ಷ ವಿದೇಶದಲ್ಲಿ ಓದಿ ಬಂದ ಒಬ್ಬ ತರುಣ ಉಪನ್ಯಾಸಕ "ನನ್ನನ್ನ ವಿಕ್ರಮ್ ಅಂತಲೇ ಕರೀರಿ" ಎಂದದ್ದೇ ತಡ, ಇಡೀ ತರಗತಿ ವಿಕ್ರಮ್, ವಿಕ್ರಮ್ ಎಂದು ಅವನ ಹಿಂದೆ ಬಿತ್ತು. ವಿಕ್ರಮ್ ಎನ್ನಲು ಬರುವ ಬಾಯಿಗೆ ಮಾದಯ್ಯ ಎನ್ನಲು ಏನಡ್ಡಿ? ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಆ ಹೆಸರು ಯಾವ ಕೇರಿಯದೆಂದು ಅದನ್ನು ಕೇಳಿದ ಕೂಡಲೇ ತಿಳಿಯುತ್ತಿತ್ತು.

ನನ್ನ ಅಡ್ಡಿ ಬೇರೆ. ನಾನೂ ಅದೇ ಕೇರಿಯವಳು. ಹೂಟಗಳ್ಳಿಯ ನಮ್ಮ ಮನೆಯಲ್ಲಿ ಈ ಮಾತು ತೆಗೆದಾಗ, ಮೇಟಗಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಅಪ್ಪ ತಟ್ಟೆಯಿಂದ ಕೈ ತೆಗೆದರು. "ನಮ್ಮೋರು ಒಬ್ರು ಆ ಕುರ್ಚಿ ಮೇಲೆ ಕೂತವ್ರೆ ಕಣಮ್ಮ ಸವಿತಾ. ನೀನೇ ಎಸರಿಡಿದು ಕರೆದ್ಬುಟ್ರೆ ನಾಳೆ ಬೇರೆಯವ್ರು ಎಂಗೆ ಕರೀತಾರೆ ಗೊತ್ತಾ? ಸಾರ್ ಅನ್ನು. ಬಾಯ್ತುಂಬ ಅನ್ನು."

ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ನಗಲಿಲ್ಲ. "ನಿಮ್ಮಪ್ಪ ಹೇಳಿದ್ದು ಸರೀನೇ. ನಮ್ಮಪ್ಪನ್ನ ಊರೋರು 'ಲೇ' ಅಂತ ಕರೀತಿದ್ರು. ನನ್ನನ್ನ 'ಸರ್' ಅಂತಾರೆ. ಭಾಳ ದೂರ ಬಂದಿದ್ದೀವಿ, ಇಲ್ಲ ಅನ್ನಲ್ಲ. ಆದ್ರೆ ನೋಡು, ಇಬ್ಬರ ಹೆಸರೂ ಯಾರ ಬಾಯಲ್ಲೂ ಬರ್ಲಿಲ್ಲ."

ಅವರ ಹಟದ ನಿಜವಾದ ಕಾರಣ ನನಗೆ ತಿಳಿದದ್ದು ಆಮೇಲೆ, ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ಮೇಲೆ. ಅವರ ಕೋಣೆ ಹಳೆಯ ಕಟ್ಟಡದ ಮೊಗಸಾಲೆಯ ತುದಿಯಲ್ಲಿತ್ತು. ಒಂದು ಮುಸ್ಸಂಜೆ ನನ್ನ ಅಧ್ಯಾಯವನ್ನು ತಿದ್ದುತ್ತಿದ್ದವರು ಪೆನ್ನು ಹಾಗೇ ಎತ್ತಿ ಹಿಡಿದು, ಎಡಗಿವಿಯನ್ನು ಬಾಗಿಲ ಕಡೆ ವಾಲಿಸಿದರು. ನನಗೆ ಏನೂ ಕೇಳಿಸಲಿಲ್ಲ. ಹೊರಗೆ ಅಟೆಂಡರು ಕೂಡ ಇರಲಿಲ್ಲ. ಹಾಗೇ ಸ್ವಲ್ಪ ಹೊತ್ತು ಕಾದು, ಏನೂ ಆಗದವರಂತೆ ಮತ್ತೆ ಕಾಗುಣಿತ ತಿದ್ದತೊಡಗಿದರು.

"ಏನು ಸರ್?" ಎಂದೆ.

"ಕರೆದ್ರು" ಎಂದರು. "ದಿನಾ ಇದೇ ಹೊತ್ತಿಗೆ. ಒಂದೇ ಸಲ."

ನಾನು ತಿರುಗಿ ಖಾಲಿ ಬಾಗಿಲನ್ನು ನೋಡಿದೆ. ಅವರು ಮಾತ್ರ ಪಾಠ ಹೇಳುವ ದನಿಯಲ್ಲೇ ವಿವರಿಸಿದರು. "ನಮ್ಮವ್ವ ಹೇಳ್ಕೊಟ್ಟಿದ್ಲು. ಮುಸ್ಸಂಜೆ ಯಾರಾದ್ರೂ ಹೆಸರು ಕೂಗಿದ್ರೆ ಮೊದಲ್ನೇ ಕೂಗಿಗೆ ಓಗೊಡಬ್ಯಾಡ ಮಗ, ಬದುಕಿರೋರು ಎರಡನೇ ಸಲ ಕೂಗೇ ಕೂಗ್ತಾರೆ, ಸತ್ತೋರಿಗೆ ಒಂದೇ ಕೂಗು ಅಂತ. ನಿನಗೂ ಹೇಳಿರ್ಬೇಕಲ್ಲ?"

ಹೇಳಿದ್ದರು. ನಮ್ಮ ಕಡೆ ಯಾವ ಮನೆಯಲ್ಲಿ ಹೇಳಿಲ್ಲ!

"ಅವ್ವ ಹೋದ್ಲು, ಅಣ್ಣನೂ ಹೋದ. ಹೆಂಡ್ತಿ ಇದ್ದಷ್ಟು ದಿನ 'ರೀ' ಅಂದ್ಲೇ ಹೊರತು ಹೆಸರು ಹೇಳ್ಲಿಲ್ಲ, ಈಗ ಅವಳೂ ಇಲ್ಲ. ನನ್ನ ಮಾದಯ್ಯ ಅಂತ ಕರೆಯೋರು ಬದುಕಿರೋರಲ್ಲಿ ಒಬ್ರೂ ಉಳಿದಿಲ್ಲ ಕಣಮ್ಮ. ಅದಕ್ಕೇ ಕರೆದ್ರೆ ಗೊತ್ತಾಗ್ಬುಡುತ್ತೆ, ಅತ್ಲಾಗಿನೋರೇ ಅಂತ. ಇತ್ಲಾಗಿನೋರು ಒಬ್ರಾದ್ರೂ ದಿನಾ ಕರೀತಿದ್ರೆ, ಯಾರೋ ನಮ್ಮ ಹುಡುಗ್ರಿರಬೇಕು ಅಂದ್ಕೊಂಡು ನೆಮ್ಮದಿಯಾಗಿರ್ಬೋದಿತ್ತು." ಮತ್ತೆ ಕನ್ನಡಕ ಏರಿಸಿಕೊಂಡು, "ಇಲ್ಲಿ ಒತ್ತಕ್ಷರ ಬಿಟ್ಟಿದ್ದೀಯ ನೋಡು" ಎಂದರು.

ಅವತ್ತು ಮೊಗಸಾಲೆಯ ಉದ್ದಕ್ಕೂ ನಾನು ಅವರ ಪಕ್ಕದಲ್ಲೇ ನಡೆದು ಬಂದೆ. ಹೆದರಿಕೆ ನನಗಾಗಿತ್ತು, ಮರುಕ ಹುಟ್ಟಿದ್ದು ಅವರ ಮೇಲೆ. ಇಷ್ಟು ದೊಡ್ಡ ಮನುಷ್ಯನಿಗೆ ಬೇಕಾದದ್ದು, ಕರೆದವರು ಬದುಕಿರುವವರೂ ಇರಬಹುದೆಂಬ ಇಷ್ಟೇ ಚಿಕ್ಕ ಅನುಮಾನ. ಅದನ್ನು ಕೊಡಲು ಇಡೀ ಕಾಲೇಜಿಗೆ ಬಾಯಿ ಬರಲಿಲ್ಲ.

ನಿವೃತ್ತಿಯ ಮುಂಚಿನ ಅವರ ಕೊನೆಯ ತರಗತಿಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಎಂದಿನಂತೆ ಎಲ್ಲರ ಹೆಸರೂ ಆಯಿತು. "ಈಗ ನನ್ನನ್ನ ಕರೀರಪ್ಪ" ಎಂದರು. ಹುಡುಗರು ಸರ್ ಎನ್ನುವ ಮೊದಲೇ ಎದ್ದು ನಿಂತು "ಮಾದಯ್ಯ" ಎಂದೆ. ಮುಂದಿನವರು ಗಕ್ಕನೆ ತಿರುಗಿದರು. ಮೇಷ್ಟ್ರು ಮಾತ್ರ ಅಲುಗಲಿಲ್ಲ, ಕಿವಿ ವಾಲಿಸಿ ನಿಂತರು. ಏಕೆಂದು ನನಗೆ ಹೊಳೆಯಿತು. ಉಸಿರು ತೆಗೆದುಕೊಂಡು ಎರಡನೇ ಸಲ ಕರೆದೆ.

"ಮಾದಯ್ಯ!"

"ಇದ್ದೀನಿ" ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಕನ್ನಡಕ ಒರೆಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದರು.

ನಿವೃತ್ತಿಯಾದ ಮೇಲೆ ಅವರು ಬೋಗಾದಿಯ ಒಂದು ಹೊಸ ಬಡಾವಣೆಯಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದರು. ಕೆಳಗೆ ಮನೆಯೊಡತಿ ರತ್ನಮ್ಮ. ಭಾನುವಾರಗಳಂದು ನಾನು ಅಧ್ಯಾಯಗಳನ್ನು ಹೊತ್ತುಕೊಂಡು ಹೋಗಿ, ಮೆಟ್ಟಿಲ ಕೆಳಗೆ ನಿಂತು ಎರಡು ಸಲ ಹೆಸರು ಹಿಡಿದು ಕರೆಯುತ್ತಿದ್ದೆ. ಎರಡನೆಯದಕ್ಕೆ "ಬಂದೆ ಕಣಮ್ಮ" ಎಂಬ ದನಿ, ಆಮೇಲೆ ಸದ್ದಿಲ್ಲದೆ ಇಳಿದುಬರುವ ಕ್ಯಾನ್‌ವಾಸ್ ಬೂಟುಗಳು. ರತ್ನಮ್ಮ ಮೊದಮೊದಲು ನನ್ನನ್ನು ಬಹಳ ಸೊಕ್ಕಿನವಳೆಂದುಕೊಂಡಿದ್ದರಂತೆ. "ಆ ಕೂಗು ಈಗಲೂ ಕೇಳಿಸುತ್ತಾ?" ಎಂದು ಒಮ್ಮೆ ಮೇಷ್ಟ್ರನ್ನು ಕೇಳಿದೆ. "ಇಲ್ಲಿಗೆ ಬಂದ ಮೇಲೆ ಇಲ್ಲ. ಬೋಗಾದಿ ಬಸ್ಸು ಅವರಿಗೆ ಸಿಕ್ಕಿಲ್ಲ ಅನ್ಸುತ್ತೆ" ಎಂದು ನಕ್ಕರು.

ಹೋದ ವರ್ಷ ಒಂದು ಭಾನುವಾರ ನನಗೆ ಜ್ವರ. ಹೂಟಗಳ್ಳಿಯ ಮನೆಯಲ್ಲಿ ಹೊದ್ದು ಮಲಗಿದವಳು ಸಂಜೆಯಾದರೂ ಎದ್ದಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕಾಲೇಜಿನಿಂದ ಫೋನು ಬಂತು, ಮಾದಯ್ಯನವರು ಹೋದರೆಂದು.

ನಾನು ಹೋಗುವಷ್ಟರಲ್ಲಿ ಎತ್ತಿಕೊಂಡು ಹೋಗಿಯಾಗಿತ್ತು. ಅಂಗಳದಲ್ಲಿ ನೀರು ಇನ್ನೂ ಆರಿರಲಿಲ್ಲ. ರತ್ನಮ್ಮ ನನ್ನನ್ನು ಕಂಡವರೇ ಕೈ ಹಿಡಿದುಕೊಂಡು ಅತ್ತರು.

"ಎಲ್ಲೋಗ್ಬುಟ್ಟಿದ್ರಿ ಕಣಮ್ಮ ನಿನ್ನೆ? ಸಂಜೆ ನೀವು ಬಂದು ಕರೆದ್ರಲ್ಲ, ಅವ್ರು 'ಬಂದೆ ಕಣಮ್ಮ ಸವಿತಾ' ಅಂದಿದ್ದೂ ಕೇಳಿಸ್ತು. ಇಳಿದು ಬರ್ತಾರೇನೋ ಅಂತ ನಾನು ಅಡುಗೆಮನೆಯಿಂದ ಈಚೆ ಬಂದು ನೋಡಿದ್ರೆ, ಮೇಲಿನ ಮೆಟ್ಟಿಲ ಮೇಲೇ ಕೂತಿದ್ರು, ಗೋಡೆಗೆ ಒರಗಿಕೊಂಡು. ಉಸಿರಿರಲಿಲ್ಲ. ನಿಮ್ಮನ್ನ ಹುಡುಕಿದ್ರೆ ನೀವಿಲ್ಲ."

"ನಾನು ಕರೆದೆನಾ?" ಎಂದೆ.

"ನಿಮ್ಮ ದನಿ ನನಗೆ ಗೊತ್ತಿಲ್ವೇ? ಯಾವತ್ತಿನ ಥರಾನೇ, ಎರಡು ಸಲ ಕರೆದ್ರಿ."

ಜ್ವರದ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ಮೇಷ್ಟ್ರಿಗೆ ಬೇಕಾಗಿದ್ದ ಆ ಅನುಮಾನವನ್ನು ಕೊಟ್ಟವಳು ನಾನೇ. ಆ ಅನುಮಾನ ಇಲ್ಲದಿದ್ದರೆ ಅವರು ಓಗೊಡುತ್ತಲೇ ಇರಲಿಲ್ಲವೇನೋ. ಅಥವಾ ಅತ್ತಲಿನವರದೇ ಎಂದು ಗೊತ್ತಿದ್ದೂ, ನನ್ನ ದನಿಯಾದ್ದರಿಂದ ಹೆದರದೆ ಎದ್ದರೋ. ಅವರ ಮುಖ ಶಾಂತವಾಗಿತ್ತೆಂದು ರತ್ನಮ್ಮ ಎರಡೆರಡು ಬಾರಿ ಹೇಳಿದರು. ಅದನ್ನೇ ಹಿಡಿದುಕೊಂಡಿದ್ದೇನೆ.

ಹೊರಡುವಾಗ ಅಭ್ಯಾಸಬಲದಿಂದ ಮೆಟ್ಟಿಲ ಕೆಳಗೆ ನಿಂತೆ. ಅವರ ಹೆಸರು ಬಾಯಿಯ ತನಕ ಬಂತು. ಕರೆದರೆ ಮೇಲಿನಿಂದ "ಬಂದೆ ಕಣಮ್ಮ" ಎಂದುಬಿಟ್ಟರೆ? ತುಟಿ ಕಚ್ಚಿಕೊಂಡೆ. ಆ ಗಾಬರಿಯಲ್ಲಿ ಬಾಯಿಂದ ಬೇರೆಯೇ ಮಾತು ಜಾರಿತು.

"ಬರ್ತೀನಿ ಸರ್."

ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಎನ್ನಬಾರದು, ಸುಮ್ಮನೆ ತಲೆ ತಗ್ಗಿಸಿಕೊಂಡು ಹೋಗಬೇಕು. ರತ್ನಮ್ಮ "ಅಯ್ಯೋ, ಬುಡ್ತು ಅನ್ನಿ!" ಎಂದು ನನ್ನ ಬಾಯಿಗೆ ಕೈ ಅಡ್ಡ ತಂದರು. ನಾನು ಮೇಲೆ ನೋಡುತ್ತ ನಿಂತೆ.

ಮೇಲಿನಿಂದ ಏನೂ ಕೇಳಿಸಲಿಲ್ಲ. ಸರ್ ಎಂದರೆ ಅವರು ಎಂದಾದರೂ ಓಗೊಟ್ಟಿದ್ದರೇ?