ಮೌಲಾಬಿ ನಮ್ಮ ಬೆಕ್ಕಿಗೆ ಉಣಿಸಿದ್ದು

ಮೌಲಾಬಿ ಯಾರಿಗೂ ‘ಉಣ್ಣು’ ಅನ್ನುತ್ತಿರಲಿಲ್ಲ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬಂದವರು ಬೇಡವೆಂದು ತಾಟಿಗೆ ಕೈ ಅಡ್ಡ ಹಿಡಿದರೆ ಆ ಕೈಮೇಲೇ ಪಲ್ಲೆ ಹಾಕುವ ಜನ ನಾವು. ಆಕೆಯ ಮನೆಗೆ ಹೋದರೆ ತಾಟು ಸುಮ್ಮನೆ ನಿಮ್ಮ ಪಕ್ಕಕ್ಕೆ ಬರುತ್ತಿತ್ತು. ಆಕೆ ಆ ಕಡೆ ಹೊರಳಿ ಅಕ್ಕಿ ಆರಿಸುತ್ತ ಕೂಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾಟು ಖಾಲಿ. ಯಾರು ಉಂಡರೋ ನಿಮಗೇ ಗೊತ್ತಾಗುತ್ತಿರಲಿಲ್ಲ.

ಹೊನವಾಡದ ಅಂಗನವಾಡಿಯಲ್ಲಿ ಬಹಳ ವರ್ಷ ಸಹಾಯಕಿಯಾಗಿದ್ದು, ಆಮೇಲೆ ಅಥಣಿ ರಸ್ತೆಯಲ್ಲಿ ನಮ್ಮ ಪಕ್ಕದ ಮನೆಗೆ ಮಗನ ಜೊತೆ ಬಂದವಳು. ಬಾಯಿ ಬಿಗಿ ಹಿಡಿದ ಕೂಸುಗಳಿಂದ ಕಲಿತದ್ದೇ ಆಕೆಯ ವಿದ್ಯೆ. “ಉಣ್ಣು ಅಂದ್ರ ಕೂಸಿಗಿ ಸಂಶೆ ಬರತೈತ್ರಿ ಟೀಚರ. ಇದರಾಗ ಏನೋ ಐತಿ, ಅದಕ್ಕ ಇಷ್ಟು ಹೇಳಾಕತ್ತಾರ ಅಂತ.” ನಾನು ಬಬಲೇಶ್ವರದ ಸಾಲೆಯಲ್ಲಿ ದಿನಾ ಮಧ್ಯಾಹ್ನ ‘ಉಣ್ರಿ, ಉಣ್ರಿ’ ಎಂದು ಒದರಿ ಗಂಟಲು ಹರಿದುಕೊಂಡು ಬರುವವಳು. ಆ ಮಾತು ನನಗೆ ಅಷ್ಟು ಸೇರಲಿಲ್ಲ.

ಹೋದ ಚಳಿಗಾಲದಲ್ಲಿ ನಮ್ಮ ಅವ್ವನ ಬೆಕ್ಕು ಚಂದ್ರಿಗೆ ನೆಗಡಿ ಹತ್ತಿ, ಉಣ್ಣುವುದನ್ನೇ ಬಿಟ್ಟಿತು. ಮೂರನೆಯ ದಿನ ದನದ ಡಾಕ್ಟರು ಒಂದು ಸೂಜಿ ಚುಚ್ಚಿ, “ನಾಳಿ ಸಂಜೀತನಕ ಹೊಟ್ಟಿಗಿ ಏನರ ಬೀಳಲಿಲ್ಲಂದ್ರ ಉಳಿಯೂದಿಲ್ರಿ” ಎಂದರು. ಅದನ್ನು ಕೇಳಿ ಅವ್ವ, ಬೆಕ್ಕು ಉಣ್ಣುವ ತನಕ ತಾನೂ ಉಣ್ಣುವುದಿಲ್ಲ ಎಂದಳು. ಅವ್ವನಿಗೆ ಸಕ್ಕರೆ ಕಾಯಿಲೆ. ಈಗ ಮನೆಯಲ್ಲಿ ಇಬ್ಬರು ರೋಗಿಗಳಾದರು, ಇಬ್ಬರೂ ನನ್ನ ಮಾತು ಕೇಳುವವರಲ್ಲ.

ನಾನು ಹಾಲಿನಲ್ಲಿ ರೊಟ್ಟಿ ಮುರಿದು ಇಟ್ಟೆ. ಮೂತಿಗೆ ಬೆಣ್ಣೆ ಸವರಿದೆ. ಬೆರಳಿನಿಂದ ಬಾಯಿಗೆ ತುರುಕಲು ಹೋಗಿ ಕಚ್ಚಿಸಿಕೊಂಡೆ. ಕಚ್ಚುವಷ್ಟು ಕಸುವು ಉಳಿದಿದೆಯಲ್ಲ ಎಂದು ಅವ್ವ ಸಮಾಧಾನಪಟ್ಟಳು. ನನ್ನ ಬೆರಳಿನ ಬಗ್ಗೆ ಯಾರೂ ಕೇಳಲಿಲ್ಲ.

ಮರುದಿನ ಮುಂಜಾನೆ ಮೌಲಾಬಿಯನ್ನು ಕರೆದೆ. ಆಕೆ ಬಂದು ಬೆಕ್ಕಿಗೆ ಬೆನ್ನು ಮಾಡಿ ಕೂತಳು. ಅಷ್ಟರಲ್ಲಿ ಅವ್ವ ದೇವರ ಕೋಣೆಯಿಂದ ಬಂದು ಮೂರು ಬೆರಳಲ್ಲಿ ಚಂದ್ರಿಯ ಹಣೆಗೆ ವಿಭೂತಿ ಎಳೆದಳು. ಬೆಕ್ಕಿನ ಹಣೆ ಎಷ್ಟಗಲ ಇದ್ದೀತು? ಮೊದಲ ಬೆರಳು ಹಣೆಗೆ, ಎರಡನೆಯದು ಕಣ್ಣಿಗೆ, ಮೂರನೆಯದು ಮೂಗಿಗೆ. ನೆಗಡಿ ಹತ್ತಿದ ದಿನದಿಂದ ಮುಂಜಾನೆ ಸಂಜೆ ಇದೇ ಸೇವೆ ನಡೆದಿತ್ತು. ಚಂದ್ರಿ ಸೀನಿತು.

ಮೌಲಾಬಿ ಹೊರಳಿ ಅದನ್ನು ಮಡಿಲಿಗೆ ಎತ್ತಿಕೊಂಡು ಮೂತಿ ನೋಡಿದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದಳು.

“ಟೀಚರ, ನೆಗಡಿ ನೀರಿಗಿ ವಿಭೂತಿ ಕೂಡಿ ಮೂಗಿನ್ಯಾಗ ಸಿಮೆಂಟ್ ಆದಂಗ ಆಗೈತಿ. ಬೆಕ್ಕು ಮದಲ ಮೂಗಿಲೆ ಉಣ್ಣತೈತಿ, ಆಮ್ಯಾಲ ಬಾಯಿಲೆ. ವಾಸನಿ ಬರಲಿಲ್ಲಂದ್ರ ಅದು ಮುಟ್ಟಂಗಿಲ್ಲ.”

ನನಗೆ ಸಿಟ್ಟು ಬಂತು. “ತಡಿ, ಅವ್ವಗ ಹೇಳತೇನಿ” ಎಂದು ಹೊರಟೆ. ಮೌಲಾಬಿ ನನ್ನ ಸೆರಗು ಹಿಡಿದು ಎಳೆದಳು.

“ಏನಂತ ಹೇಳತೀರಿ? ನಿನ್ನ ಕೈಲೇ ಸಾಯಾಕತ್ತೈತಿ ಅಂತನ? ಅವ್ವಾರು ನಿನ್ನೀಲಿಂದ ಉಂಡಿಲ್ಲ. ಸುಮ್ಮ ಇರ್ರಿ.”

ಹೊರಗೆ ಹೋಗಿ ಅವ್ವನಿಗೆ ಹೇಳಿದಳು: “ಅವ್ವಾರ, ವಿಭೂತಿ ಚಲೋ ಕೆಲಸ ಮಾಡೈತ್ರಿ. ಜಡ್ಡು ಈಗ ಬೆನ್ನಿಗಿ ಇಳದೈತಿ. ಇನ್ನ ಬೆನ್ನಿಗಷ್ಟ ಹಚ್ಚರಿ.”

ಅವ್ವ ಆಕೆಯ ಮುಖವನ್ನೊಮ್ಮೆ ನೋಡಿ “ಹೌದೇನ” ಎಂದಳು. ಬೆನ್ನಿಗೆ ಹಚ್ಚಿದಳು.

ಮೌಲಾಬಿ ಬಿಸಿನೀರಿನ ಅರಿವೆಯಿಂದ ಮೂಗು ನೆನೆಸಿ ನೆನೆಸಿ ಒರೆಸುತ್ತ ಅರ್ಧ ತಾಸು ಕೂತಳು. ಬಳಿಕ ತನ್ನ ಮನೆಗೆ ಹೋಗಿ ಸೆರಗಿನ ಮರೆಯಲ್ಲಿ ಒಂದು ಬಟ್ಟಲು ತಂದಳು. ನಮ್ಮದು ತತ್ತಿಯನ್ನೂ ಹೊಸ್ತಿಲು ದಾಟಿಸದ ಮನೆ. ಅವ್ವ ಏನೂ ಕೇಳದೆ ಗೋಡೆಯ ಕಡೆ ಹೊರಳಿ ಜಪಕ್ಕೆ ಕೂತಳು. ಅವತ್ತು ಜಪ ಜೋರಾಗಿತ್ತು, ಮೀನಿನ ವಾಸನೆ ಅದಕ್ಕಿಂತ ಜೋರಾಗಿತ್ತು.

ಮೌಲಾಬಿ ಬೆಚ್ಚಗಿನ ಮೀನನ್ನು ಅಂಗೈಯಲ್ಲಿ ಹಿಸುಕಿ, ಬೆಕ್ಕಿಗೆ ಬೆನ್ನು ಮಾಡಿ, ಕೈಯನ್ನು ಹಿಂದಕ್ಕೆ ಚಾಚಿದಳು. ನಾನು ಕದ್ದು ನೋಡಿದೆ. “ಆ ಕಡೆ ನೋಡ್ರಿ” ಎಂದು ಗದರಿದಳು. ಮೂವರು ಹೆಂಗಸರು ಮೂರು ಗೋಡೆ ನೋಡುತ್ತ ಕೂತೆವು. ನಾನು ಸಾಲೆಗೆ ರಜೆ ಹಾಕಿ ಗೋಡೆ ನೋಡಿದ್ದು ಅದೇ ಮೊದಲು.

ಬಹಳ ಹೊತ್ತಾದ ಮೇಲೆ ನೆಕ್ಕುವ ಸಪ್ಪಳ ಕೇಳಿತು. ಮೌಲಾಬಿ ಅಲುಗಾಡಲಿಲ್ಲ. ಕೈ ಖಾಲಿಯಾದಾಗ “ನಾ ಬರತೇನ್ರಿ” ಎಂದು ಬಟ್ಟಲು ಎತ್ತಿಕೊಂಡು ಹೋದಳು. ಅವ್ವ ಗೋಡೆಗೆ ಮುಖ ಮಾಡಿಯೇ ಅತ್ತಳು, ಆಮೇಲೆ ಎದ್ದು ಎರಡು ರೊಟ್ಟಿ ಉಂಡಳು.

ಚಂದ್ರಿ ಬದುಕಿತು. ಈ ಬೇಸಿಗೆಯಲ್ಲಿ ಮೌಲಾಬಿ ತಿಕೋಟಾಕ್ಕೆ ಮಗಳ ಮನೆಗೆ ಹೋದವಳು ಅಲ್ಲಿಯೇ ಎದೆನೋವಿನಿಂದ ತೀರಿಕೊಂಡಳು. ಅವ್ವನನ್ನು ಕರೆದುಕೊಂಡು ಹೋಗಿ ಮಣ್ಣು ಮುಗಿಸಿ ಬಂದೆ. ತಿರುಗಿ ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

“ಬೆಕ್ಕಿನ ನೆಗಡಿ ಬೆನ್ನಿಗಿ ಯಾಕ ಇಳಿತೈತಿ?” ಎಂದಳು.

ನಾನು ಅವ್ವನ ಕಡೆ ಹೊರಳಿದೆ.

“ಅವತ್ತ ತಿಳೀತು ನನಗ. ಅರಿವಿ ತುಂಬ ನಂದ ವಿಭೂತಿ ಬಂದಿತ್ತು. ನಾನ ಕೊಲ್ಲಾಕತ್ತಿದ್ದೆ ಅದನ್ನ. ನನಗ ನೋವಾಗತೈತಿ ಅಂತ ಆಕಿ ಹೇಳಲಿಲ್ಲ. ಸುಳ್ಳು ತಿಳೀತಂದ್ರ ಆಕಿಗಿ ನಾಚಿಕಿ ಆಗತೈತಿ ಅಂತ ನಾನೂ ಹೇಳಲಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದ ಸಲ ಹೇಳಿಬಿಡಬೇಕಾಗಿತ್ತು ನೋಡು.”